ಬಾಯಿಗೆ ಬಾರದ ಮಾಡ್ಯೂಲ್

ಸುಳ್ಳು ಹೇಳುವ ಅಭ್ಯಾಸ ನನಗೆ ಕಡಿಮೆ. ಅದನ್ನು ದೊಡ್ಡ ಗುಣವೆಂದು ತಿಳಿಯಬೇಡಿ, ಬರೀ ಪ್ರಾಕ್ಟೀಸಿನ ಕೊರತೆ. ತುಮಕೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಹತ್ತು ವರ್ಷ ಸಿಸ್ಟರ್‌ಗಳ ಕಣ್ಣೆದುರೇ ಬೆಳೆದವಳಿಗೆ ಸುಳ್ಳನ್ನು ರೂಢಿಸಿಕೊಳ್ಳಲು ಸಂದುಗೊಂದು ಎಲ್ಲಿ ಸಿಗಬೇಕು? ಹಾಗಾಗಿಯೇ ಇರಬೇಕು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೋದ ಮಾರ್ಚಿನ ಒಂದು ಬೆಳಗ್ಗೆ ಫೋನಿನಲ್ಲಿ ನಾನು ಹೇಳಿದ ಒಂದು ಚಿಕ್ಕ ಸುಳ್ಳು, ನೀರು ಕುಡಿಯದೆ ನುಂಗಿದ ಮಾತ್ರೆಯ ಹಾಗೆ ಇನ್ನೂ ಗಂಟಲಲ್ಲೇ ಇದೆ. “ಅದೇ” ಎಂದೆ. ಅಷ್ಟೇ ನಾನು ಹೇಳಿದ್ದು. ಅದರಿಂದ ಒಬ್ಬ ಹುಡುಗಿಯ ಎರಡು ದಿನ ಹೋಯಿತು. ಪರೀಕ್ಷೆಗೆ ಎಂಟು ದಿನ ಉಳಿದಿರುವಾಗ ಎರಡು ದಿನ ಎಂದರೆ ಎಷ್ಟು ಎಂಬುದನ್ನು ಮೂವತ್ತೊಂದು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲಿನಿಂದ ಹೇಳುತ್ತೇನೆ. ವಯಸ್ಸಾದವರು ಮೊದಲಿನಿಂದ ಹೇಳುತ್ತೇನೆ ಎಂದರೆ ಕೇಳುವವರು ಬಸ್ಸಿನ ಟೈಮು ನೋಡಿಕೊಳ್ಳುತ್ತಾರೆ, ಗೊತ್ತು. ಆದರೂ ಕೂತುಕೊಳ್ಳಿ.

ನಮ್ಮ ಮನೆಯವರು ಇಲ್ಲೇ ಮಧುಗಿರಿಯಲ್ಲಿ ಕಾಲೇಜಿನ ಗಣಿತದ ಮೇಷ್ಟ್ರಾಗಿದ್ದರು. ರಿಟೈರ್ ಆದ ಮೇಲೆ ಅವರ ಸ್ನೇಹಿತರು ಕೆಲವರು ಯೋಗ ಹಿಡಿದರು, ಕೆಲವರು ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಕೂತು ದೇಶದ ಸಮಸ್ಯೆ ಹಿಡಿದರು. ಇವರು ಹಾವು ಹಿಡಿದರು. ಪೈಥಾನ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಯಂತೆ. “ಈ ವಯಸ್ಸಿನಲ್ಲಿ ಹಾವು ಸಾಕುವುದು ಬೇಕಿತ್ತಾ?” ಎಂದು ನಾನು ಕೇಳಿದರೆ, “ಕಚ್ಚಲ್ಲ, ಬರೀ ಬುಸುಗುಡುತ್ತೆ” ಎನ್ನುತ್ತಿದ್ದರು. ಆಮೇಲೆ ನನಗೆ ತಿಳಿದದ್ದು, ಆ ಬುಸುಗುಡುವುದಕ್ಕೆ ಎರರ್ ಎನ್ನುತ್ತಾರೆ.

ಅವರ ಆ ಹವ್ಯಾಸಕ್ಕೆ ಒಂದು ಅರ್ಥ ಬಂದದ್ದು ನಾಗವೇಣಿಯಿಂದ. ನಾಲ್ಕು ವರ್ಷದ ಹಿಂದೆ, ಪಾವಗಡ ಕಡೆಯ ಬಲಸಮುದ್ರದ ಓಬುಳಮ್ಮ ಎಂಬ ಹೆಂಗಸು ಮಗಳ ಕಣ್ಣಿನ ಸರ್ಟಿಫಿಕೇಟಿಗಾಗಿ ಮಧುಗಿರಿಗೆ ಬಂದಿದ್ದಳು. ಆಸ್ಪತ್ರೆಯ ಸಾಹೇಬರು ಊಟಕ್ಕೆ ಹೋಗಿದ್ದರಿಂದ ನಮ್ಮ ಜಗಲಿಯ ನೆರಳಿನಲ್ಲಿ ಕೂತು ನೀರು ಕೇಳಿದಳು. ಅವಳು ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಗಾಜಿನ ಹಲಗೆ ತೊಳೆಯುವ ಕೆಲಸದವಳು. ಮಗಳು ನಾಗವೇಣಿ ಆಗ ಆರನೆಯ ಕ್ಲಾಸು. ಜಗಲಿಯ ಮೇಲೆ ಬಿದ್ದಿದ್ದ ದಿನಪತ್ರಿಕೆಯನ್ನು ಆ ಮಗು ಎತ್ತಿಕೊಂಡು ಮೂಗಿಗೆ ಒತ್ತಿ ಹಿಡಿದದ್ದು ನೋಡಿ ನಾನು ಮೂಸುತ್ತಿದೆ ಎಂದುಕೊಂಡೆ. ಇವರು ಮಾತ್ರ, “ದಪ್ಪ ಅಕ್ಷರ ಕಾಣುತ್ತಾ ಮಗೂ?” ಎಂದು ಕೇಳಿದರು. ಹೆಡ್ಡಿಂಗು ಕಾಣುತ್ತಿತ್ತು. ಅದರ ಕೆಳಗಿನದ್ದು ಅವಳಿಗೆ ಇರುವೆ ಸಾಲು.

ಝೆರಾಕ್ಸಿನಲ್ಲಿ ದೊಡ್ಡದು ಮಾಡಿಸಿಕೊಟ್ಟರೆ ಮುಗಿಯಿತಲ್ಲ ಎಂದೆ ನಾನು. ಮುಗಿಯಲಿಲ್ಲ. ಕನ್ನಡದ ಒತ್ತಕ್ಷರಗಳು ಎಷ್ಟು ದೊಡ್ಡದು ಮಾಡಿದರೂ ಕೆಳಗೆ ಸಣ್ಣಗೆ ಮುದುಡಿಕೊಂಡೇ ಇರುತ್ತವೆ, ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಆ ಮಗುವಿಗೆ ಎರಡೂ ಸೇರಿ ಮಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಇವರು ಮೂರು ತಿಂಗಳು ಕೂತು ಒಂದು ಸ್ಕ್ರಿಪ್ಟ್ ಬರೆದರು. ಪಾಠ ಟೈಪ್ ಮಾಡಿ ಅದಕ್ಕೆ ಕೊಟ್ಟರೆ ಅದು ಒತ್ತುಗಳನ್ನೂ ಮೇಲಿನ ಅಕ್ಷರದಷ್ಟೇ ಹಿಗ್ಗಿಸಿ, ಸಾಲಿಗೆ ಮೂರೇ ಪದ ಇಟ್ಟು, ನಡುವೆ ಬೇಕಾದಷ್ಟು ಜಾಗ ಬಿಟ್ಟು, ಪುಟಗಳನ್ನು ಜೋಡಿಸಿಕೊಡುತ್ತಿತ್ತು. ಆರನೆಯ ಕ್ಲಾಸಿನಿಂದ ಹತ್ತನೆಯವರೆಗೆ ನಾಗವೇಣಿ ಓದಿದ್ದೆಲ್ಲ ಆ ಪುಟಗಳನ್ನೇ. ಇಲ್ಲಿ ಪ್ರಿಂಟ್ ಹಾಕಿಸಿ, ದಾರದಲ್ಲಿ ಹೊಲಿದು, ಪಾವಗಡದ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೆವು. ಒಂದು ಪಾಠ ಎಂದರೆ ಒಂದು ದಿಂಬಿನಷ್ಟು ದಪ್ಪ.

ಹೋದ ದೀಪಾವಳಿ ಕಳೆದ ಮೇಲೆ ಇವರು ಹೋದರು. ಸಂಕ್ರಾಂತಿಯ ಹೊತ್ತಿಗೆ ಅವರ ಲ್ಯಾಪ್‌ಟಾಪೂ ಹೋಯಿತು. ಅದಾದರೂ ಸ್ವಲ್ಪ ದಿನ ಇರಬಹುದಾಗಿತ್ತು ಎಂದು ನನಗೆ ಅನ್ನಿಸಿದ್ದುಂಟು.

ನನ್ನ ಹಳೆಯ ವಿದ್ಯಾರ್ಥಿನಿ ತಬಸ್ಸುಮ್ ಶಿರಾದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಅವಳೇ ಬಂದು ಹಳೆಯದರ ಹೊಟ್ಟೆಯಿಂದ ಡಿಸ್ಕ್ ಬಿಚ್ಚಿ ತೆಗೆದುಕೊಂಡು ಹೋಗಿ ತನ್ನ ಬೀರುವಿನಲ್ಲಿಟ್ಟುಕೊಂಡಳು. ಅದರಲ್ಲಿದ್ದ ‘ಪಾಠ’ ಎಂಬ ಫೋಲ್ಡರನ್ನು ನನ್ನ ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ನಾನು ಅದನ್ನು ತೆರೆದೂ ನೋಡಲಿಲ್ಲ. ಅವರ ಕನ್ನಡಕ, ಅವರ ಚಪ್ಪಲಿ, ಅವರ ಫೋಲ್ಡರು. ಎಲ್ಲವೂ ಇಟ್ಟಲ್ಲೇ ಇರಲಿ ಎಂದಿದ್ದೆ.

ಮಾರ್ಚಿನಲ್ಲಿ ಓಬುಳಮ್ಮನ ಫೋನ್ ಬಂತು.

“ಅಮ್ಮಾ, ನಾನು ಬಲಸಮುದ್ರಂ ಓಬುಳಮ್ಮ. ಮಾ ಪಾಪಂದು ಪರೀಕ್ಷೆ ಹತ್ರ ಬಂದ್ಬುಡ್ತು. ಸೈನ್ಸ್‌ದು ಐದು ಪಾಠ ಇನ್ನೂ ಬಂದೇ ಇಲ್ಲಮ್ಮ. ಸಾರಿಲ್ಲ ಅಂತ ಗೊತ್ತು. ಏಂ ಚೇಸೇದಮ್ಮಾ, ಏನ್ ಮಾಡ್ಲಿ, ಬಾಯಿ ಬುಟ್ಟು ಕೇಳ್ದೆ ಇರಾಕೆ ಆಗ್ಲಿಲ್ಲ.”

“ಕಳಿಸ್ತೀನಿ” ಎಂದೆ. ಯಾವ ಧೈರ್ಯದಿಂದ ಹೇಳಿದೆನೋ. ಇವರು ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಪ್ಪು ಕಿಟಕಿಯಂಥದ್ದನ್ನು ತೆರೆದು, ಇಂಥದ್ದು ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು ಎಂದು ತೋರಿಸಿದ್ದರು. ಅದನ್ನು ರೆಸಿಪಿ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೆ. ಟೈಪ್ ಮಾಡಿದೆ. ಎಂಟರ್ ಒತ್ತಿದೆ. ಹಾವು ಬುಸ್ ಎಂದಿತು.

ಏಳೆಂಟು ಸಾಲು ಇಂಗ್ಲಿಷ್. ಇಂಗ್ಲಿಷಿಗೆ ನಾನು ಹೆದರುವವಳಲ್ಲ. ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿ, ಒಂದು ಪದವೂ ಅರ್ಥವಾಗದೆ, ಶಿರಾಕ್ಕೆ ಫೋನ್ ಮಾಡಿದೆ.

“ಮ್ಯಾಮ್, ಮೇಲಿಂದ ಓದ್ಬೇಡಿ. ಕೊನೇ ಸಾಲು ಒಂದೇ ಓದಿ” ಎಂದಳು ತಬಸ್ಸುಮ್. “ತಕರಾರು ಏನಿದ್ರೂ ಕೊನೇ ಸಾಲಲ್ಲೇ ಇರುತ್ತೆ.”

ಇದು ಸಂಸಾರಕ್ಕೂ ಸತ್ಯ. ಹೆಂಗಸರು ಒಂದು ಗಂಟೆ ಮಾತಾಡಿ ಹೊಸ್ತಿಲು ದಾಟುವಾಗ ಹೇಳುವ ಮಾತೇ ಬಂದ ಕೆಲಸ. ಕೊನೆಯ ಸಾಲು ಓದಿದೆ. ಪಿಐಎಲ್ ಎಂಬ ಹೆಸರಿನ ಮಾಡ್ಯೂಲ್ ಇಲ್ಲ ಎಂದಿತ್ತು.

ಮಾಡ್ಯೂಲ್ ಎಂದರೇನೆಂದು ನಿಮಗೆ ನನ್ನ ರೀತಿಯಲ್ಲಿ ಹೇಳುತ್ತೇನೆ. ಮದುವೆ ಮನೆಯ ಅಡುಗೆ ಭಟ್ಟರು ಕೆಲಸ ಶುರು ಮಾಡುವ ಮುಂಚೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾರಲ್ಲ, ಸೌದೆಯವನು ಬಂದನಾ, ತರಕಾರಿ ಹೆಚ್ಚುವವರು ಬಂದರಾ, ಕಾಯಿ ತುರಿಯುವವರು ಬಂದರಾ ಎಂದು. ಸ್ಕ್ರಿಪ್ಟೂ ಮೊದಲ ಸಾಲುಗಳಲ್ಲಿ ತನ್ನ ಸಹಾಯದವರನ್ನು ಹಾಗೆಯೇ ಕರೆಯುತ್ತದೆ. ಅವರೇ ಮಾಡ್ಯೂಲ್‌ಗಳು. ಒಬ್ಬರು ಬಂದಿಲ್ಲದಿದ್ದರೂ ಭಟ್ಟರು ಒಲೆ ಹಚ್ಚುವುದಿಲ್ಲ. ಬರದವರ ಹೆಸರು ಹೇಳಿ ಪಂಚೆ ಕೊಡವಿಕೊಂಡು ಕೂತುಬಿಡುತ್ತಾರೆ. ಹೊಸ ಲ್ಯಾಪ್‌ಟಾಪ್ ಎಂದರೆ ಹೊಸ ಊರು. ಹಳೆಯ ಊರಿನ ಸಹಾಯದವರು ಇಲ್ಲಿಗೆ ಬಂದಿರಲಿಲ್ಲ.

“ಅದನ್ನ ಇಂಟರ್ನೆಟ್ಟಿಂದ ಕರೆಸ್ಕೋಬೇಕು ಮ್ಯಾಮ್. ಆದರೆ ಪಿಐಎಲ್ ಅಂತ ಕರೆದ್ರೆ ಬರಲ್ಲ. ಪಿಲ್ಲೋ ಅಂತ ಕರೀಬೇಕು.”

“ಅದ್ಯಾಕೆ?”

“ಅದರ ಹೆಸರೇ ಹಂಗೆ. ಸ್ಕ್ರಿಪ್ಟ್ ಒಳಗೆ ಒಂದು, ಹೊರಗೆ ಒಂದು.”

ಇದು ಅರ್ಥವಾಗಲು ನನಗೆ ಕಂಪ್ಯೂಟರ್ ಕ್ಲಾಸು ಬೇಕಿರಲಿಲ್ಲ. ನಮ್ಮ ಕಡೆ ಅರ್ಧ ಊರಿಗೆ ಎರಡೆರಡು ಹೆಸರು. ಮನೆಯಲ್ಲಿ ಅಜ್ಜನ ಹೆಸರೋ ದೇವರ ಹೆಸರೋ ಒಂದು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಮೂಗು ಮುರಿದು ರಿಜಿಸ್ಟರಿನಲ್ಲಿ ಬರೆದುಕೊಂಡದ್ದು ಇನ್ನೊಂದು. ಅಟೆಂಡೆನ್ಸ್ ಕೂಗಿದರೆ ತಮ್ಮದೆಂದು ತಿಳಿಯದೆ ಸುಮ್ಮನೆ ಕೂತಿರುತ್ತಿದ್ದ ಮಕ್ಕಳನ್ನು ನಾನೇ ಎಷ್ಟೋ ನೋಡಿದ್ದೇನೆ. ನಮ್ಮ ಮನೆಯವರದ್ದೂ ಅದೇ ಕಥೆ. ಕಾಲೇಜಿಗೆ, ಬ್ಯಾಂಕಿಗೆ, ಊರಿಗೆಲ್ಲ ಅವರು ನರಸಿಂಹಮೂರ್ತಿ. ಈ ಹೆಸರನ್ನು ನಾನು ಬರೆಯಬಲ್ಲೆ, ಬೇಕಾದರೆ ಹೇಳಲೂಬಲ್ಲೆ. ಯಾರೋ ಪಕ್ಕದ ಬೀದಿಯವರ ಹೆಸರು ಹೇಳಿದ ಹಾಗೆ ಇರುತ್ತದೆ. ಅವರ ನಿಜವಾದ ಹೆಸರು, ಹೆತ್ತ ತಾಯಿ ಇಟ್ಟದ್ದು, ಬೇರೆ. ಅದನ್ನು ಈಗಲೇ ಇಲ್ಲಿ ಬರೆಯಲಾರೆ. ಸ್ವಲ್ಪ ತಡೆದುಕೊಳ್ಳಿ, ನಾನೂ ಐವತ್ತು ವರ್ಷ ತಡೆದುಕೊಂಡಿದ್ದೇನೆ.

ಪಿಲ್ಲೋ ಬಂತು. ಮತ್ತೆ ಓಡಿಸಿದೆ. ಪುಟ ಜೋಡಿಸುವ ಇನ್ನೊಂದು ಮಾಡ್ಯೂಲ್ ಇಲ್ಲ ಎಂದಿತು. ತಬಸ್ಸುಮ್ ಹೇಳಿದ ಹಾಗೆ ಅದನ್ನೂ ಕರೆಸಿದೆ. ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಇವರಿದ್ದಿದ್ದರೆ ಮೇಜಿನ ಪಕ್ಕ ನಿಂತು ನಗುತ್ತಿದ್ದರು ಎಂದುಕೊಳ್ಳುತ್ತ ಮೂರನೆಯ ಸಲ ಎಂಟರ್ ಒತ್ತಿದೆ. ನೇರವಾಗಿ ಕೊನೆಯ ಸಾಲಿಗೆ ಕಣ್ಣು ಹಾಯಿಸಿದೆ.

ಇಂಥ ಹೆಸರಿನ ಮಾಡ್ಯೂಲ್ ಇಲ್ಲ ಎಂದು ಬರೆದಿತ್ತು. ಆ ಹೆಸರು ನಮ್ಮತ್ತೆ ಇಟ್ಟ ಹೆಸರು.

ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಎರಡು ಪುಟ್ಟ ಕೊಕ್ಕೆಗಳ ನಡುವೆ. ಐದು ತಿಂಗಳಿಂದ ನನಗೆ ಗೊತ್ತಿದ್ದ ವಿಷಯವನ್ನೇ ಯಂತ್ರ ಒಂದು ಸಾಲಿನಲ್ಲಿ ಹೇಳಿತ್ತು.

“ಈಗ ಏನಂತೆ ಮ್ಯಾಮ್?” ತಬಸ್ಸುಮ್ ಲೈನಿನಲ್ಲೇ ಇದ್ದಳು.

“ಮಾಡ್ಯೂಲ್ ಇಲ್ಲ ಅಂತ.”

“ಅರೇ! ಯಾವುದು? ಈಗ ಹಾಕಿದ್ವಲ್ಲ, ಅದೇನಾ?”

“ಹೂಂ. ಅದೇ” ಎಂದೆ.

ನಮ್ಮತ್ತೆಯವರ ಊರು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಹತ್ತಿರ. ಕಾನ್ವೆಂಟಿನಲ್ಲಿ ಓದಿದ ಸೊಸೆ ಮನೆ ತುಂಬುವ ದಿನ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಎಂದರು. ಅದೊಂದು ಶಾಸ್ತ್ರ. ನನಗೆ ನಾಚಿಕೆಗಿಂತ ಜಂಬ ಹೆಚ್ಚು. ಬಾಯ್ತುಂಬ ಹೇಳುವ ಬದಲು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಸ್ಪೆಲಿಂಗ್ ಬೀ ಆಡುವವಳಂತೆ, ಟಪಟಪ ಹೇಳಿಬಿಟ್ಟೆ. ನಾದಿನಿಯರು ಮುಖ ಮುಖ ನೋಡಿಕೊಂಡರು. “ಇದೇನೇ ಇದು, ಅತ್ಗೆ ಮಗ್ಗಿ ಒಪ್ಪುಸ್ತಾವ್ಳೆ” ಎಂದು ಯಾರೋ ಅಂದರು. ನಗುವಿನ ಮಧ್ಯೆ ಸೇರು ಒದ್ದು ಒಳಗೆ ಹೋದೆ.

ಮಾರನೆಯ ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದರು. “ನೋಡವ್ವ, ನಿನ್ನೆ ಶಾಸ್ತ್ರ ಆಗೋಯ್ತು. ಇನ್ ಮ್ಯಾಲೆ ಗಂಡನ ಹೆಸ್ರು ಬಾಯಲ್ಲಿ ತರ್‌ಬ್ಯಾಡ. ಒಂದ್ ಸಲ ಅಂದ್ರೆ ಒಂದಿನ ಆಯಸ್ಸು ಸವೀತದೆ ಕಣಮ್ಮ. ಇರೋನೊಬ್ಬ ಮಗ ನಂಗೆ.”

ನಾನು ಒಳಗೊಳಗೇ ನಕ್ಕೆ. ಸೈನ್ಸ್ ಓದಿದವಳು, ಸಿಸ್ಟರ್‌ಗಳ ಕೈಯಲ್ಲಿ ಮೂಢನಂಬಿಕೆಯ ಬಗ್ಗೆ ಎಸ್ಸೇ ಬರೆದು ಪ್ರೈಜ್ ತೆಗೆದುಕೊಂಡವಳು. ಆದರೆ ಅತ್ತೆಯ ಕೊನೆಯ ಮಾತು ಕೇಳಿ ನಗು ನಿಂತಿತು. ಸುಳ್ಳೇ ಇರಬಹುದು, ಅಕಸ್ಮಾತ್ ನಿಜವಾಗಿದ್ದರೆ? ಹೇಳದಿದ್ದರೆ ಯಾರಿಗೇನು ನಷ್ಟ? ಹೀಗೆ ಶುರುವಾದದ್ದು ರೂಢಿಯಾಯಿತು. ‘ರೀ’, ‘ನೋಡಿ’, ‘ಕೇಳಿಸ್ತಾ’ ಎನ್ನುವುದರಲ್ಲೇ ಐವತ್ತು ವರ್ಷ ಕಳೆಯಿತು. ನಾನೊಬ್ಬಳೇ ಇದ್ದಾಗಲೂ, ಬಚ್ಚಲಲ್ಲೂ, ಆ ಹೆಸರನ್ನು ಒಮ್ಮೆಯೂ ಉಚ್ಚರಿಸಿದವಳಲ್ಲ. ಅವರು ಎಪ್ಪತ್ತೆಂಟಕ್ಕೆ ಹೋದರು. ನನ್ನ ಕಡೆಯಿಂದ ಒಂದು ದಿನವೂ ಸವೆದಿಲ್ಲ ಎಂದು ಅತ್ತೆಯವರಿಗೆ ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ.

ಹೋದ ಮೇಲೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಐವತ್ತು ವರ್ಷ ಮುಚ್ಚಿದ ಬಾಗಿಲು ಕೀಲಿಯಿಂದ ಮುಚ್ಚಿರುವುದಿಲ್ಲ, ತುಕ್ಕಿನಿಂದ ಮುಚ್ಚಿರುತ್ತದೆ.

ಆ ಎರಡು ದಿನ ತಬಸ್ಸುಮ್ ನನ್ನ ಸುಳ್ಳಿನ ಬೆನ್ನು ಹತ್ತಿ ಎಲ್ಲೆಲ್ಲಿ ಅಲೆದಳೋ ಪಾಪ. ಪುಟ ಜೋಡಿಸುವ ಮಾಡ್ಯೂಲನ್ನು ಮತ್ತೆ ಕರೆಸಿ ಎಂದಳು. ಕರೆಸಿದರೆ, ಬೇಕಾದದ್ದು ಆಗಲೇ ಇದೆ ಎಂದು ಯಂತ್ರ ಹೇಳಿತು. ಇದೆ ಎಂದು ಒಂದು ಬಾಯಿ, ಇಲ್ಲ ಎಂದು ನನ್ನ ಬಾಯಿ. ಅವಳು ತಲೆ ಕೆಡಿಸಿಕೊಂಡಳು. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್ ಸೇರಿಕೊಂಡಿರಬಹುದು, ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಎಂದಳು. ಅದನ್ನೂ ಹುಡುಕಿದೆವು. ಒಂದೇ ಇತ್ತು. ತೆಗೆದು ಹಾಕಿ ಹೊಸದಾಗಿ ಹಾಕಿದೆವು. ಫೋಟೋ ತೆಗೆದು ಕಳಿಸಿ ಎಂದಳು. ನನ್ನ ಕೈ ನಡುಗಿ ತೆಗೆದ ಫೋಟೋದಲ್ಲಿ ಅಕ್ಷರಗಳೆಲ್ಲ ಮೊಸರಾಗಿದ್ದವು. ಕೈ ಅಷ್ಟೊಂದು ನಡುಗಬೇಕಿತ್ತೇ ಎಂದು ಕೇಳಬೇಡಿ, ನನಗೂ ಅನುಮಾನವಿದೆ.

“ಟೆನ್ಶನ್ ತಗೋಬೇಡಿ ಮ್ಯಾಮ್. ಇನ್ಶಾ ಅಲ್ಲಾ ಭಾನುವಾರ ನಾನೇ ಬಂದು ನೋಡ್ತೀನಿ” ಎಂದಳು. ಭಾನುವಾರಕ್ಕೆ ನಾಲ್ಕು ದಿನ ಇತ್ತು.

ಅವತ್ತು ಸಂಜೆ ನಾಗವೇಣಿಯೇ ಫೋನ್ ಮಾಡಿದಳು. ಪಾಠ ಯಾವಾಗ ಬರುತ್ತದೆಂದು ಕೇಳಲೇ ಇಲ್ಲ. “ಅಜ್ಜೀ, ಅವಸ್ರ ಏನಿಲ್ಲ. ನಾನು ಹಳೇ ಪಾಠಾನೇ ಇನ್ನೊಂದ್ ಸಲ ಓದ್ಕೋತಾ ಇದೀನಿ” ಎಂದಳು. ದೂರಿದ್ದರೆ ತಡೆದುಕೊಳ್ಳಬಹುದಿತ್ತು. ಮಕ್ಕಳ ಆ ಮರ್ಯಾದೆಯ ಮಾತು ಬೆನ್ನಿಗೆ ಬರೆ ಎಳೆದ ಹಾಗಾಯಿತು.

ಮಾರನೆಯ ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದ ಗಂಗಮ್ಮ ಗಂಡನನ್ನು ಬೈಯುತ್ತಿದ್ದಳು. ಅದು ದಿನನಿತ್ಯದ ಸುಪ್ರಭಾತ. “ಆ ಸಿದ್ಲಿಂಗ ನನ್ನ ಸವುತಿ, ಇದ್ದ ಒಂದ್ ಛತ್ರೀನೂ ಬಸ್ಸಲ್ಲೇ ಬುಟ್ ಬಂದವ್ನೆ” ಎಂದು ತಿಕ್ಕುತ್ತಿದ್ದಳು. ನಾನು ಲ್ಯಾಪ್‌ಟಾಪ್ ಬಿಟ್ಟು ಹಿತ್ತಿಲ ಬಾಗಿಲಿಗೆ ಹೋಗಿ ಕೇಳಿದೆ.

“ಗಂಗಮ್ಮ, ಗಂಡನ ಹೆಸರು ಹಿಂಗೆ ಕೂಗ್ತೀಯಲ್ಲ, ಆಯಸ್ಸು ಕಮ್ಮಿಯಾಗಲ್ವಾ?”

“ಅಯ್ಯೋ ಬುಡಿ ಅಮ್ಮ! ದಿನಕ್ಕೆ ನೂರು ಸಲ ಅಂತೀನಿ, ಗುಂಡ್‌ಕಲ್ಲಂಗವ್ನೆ. ಕಮ್ಮಿ ಆಗಂಗಿದ್ರೆ ನಾನು ಇನ್ನೂ ಜೋರಾಗೇ ಕೂಗ್ತಿದ್ದೆ.”

ನಾನು ನಕ್ಕೆ. ತಿಂಗಳುಗಳ ಮೇಲೆ ನಕ್ಕದ್ದು. ಅವಳು ಒಂದು ಸ್ಟೀಲ್ ಲೋಟ ಎತ್ತಿ ಬಿಸಿಲಿಗೆ ಹಿಡಿದಳು.

“ಇದು ಅಯ್ನೋರ ಲೋಟ ಅಲ್ವಾ? ಮೊದ್ಲು ತೊಳ್ಯಾವಾಗ ಬೆರಳಿಗೆ ತರಿತರಿ ಸಿಗೋದು. ಈಗ ನುಣ್ಣಗಾಗೋಗದೆ ಕಣಮ್ಮ.”

ಮದುವೆಯಲ್ಲಿ ಅತ್ತೆ ಮಗನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಪ್ರತಿಯೊಂದು ಪಾತ್ರೆಯ ಮೇಲೂ ಕೊರೆಸಿದ್ದರು. ರಿಜಿಸ್ಟರಿನ ಹೆಸರಲ್ಲ, ತಾನಿಟ್ಟ ಹೆಸರು. ಗಂಗಮ್ಮನಿಗೆ ಓದಲು ಬರುವುದಿಲ್ಲ. ಅವಳ ಬೆರಳಿಗೆ ಆ ಹೆಸರು ಗೊತ್ತಿತ್ತು. ಲೋಟವನ್ನು ತೆಗೆದುಕೊಂಡು ನೋಡಿದೆ. ನಾಲ್ಕೈದು ಚುಕ್ಕಿ ಉಳಿದಿದ್ದವು, ಯಾವ ಅಕ್ಷರದ್ದೆಂದು ಹೇಳುವಂತಿರಲಿಲ್ಲ. ಅತ್ತೆ ಇಲ್ಲ, ನಾದಿನಿಯರಿಲ್ಲ. ಆ ಹೆಸರು ಈಗ ಎರಡೇ ಕಡೆ ಇತ್ತು, ನನ್ನ ತಲೆಯಲ್ಲಿ ಮತ್ತು ಆ ಎರರ್ ಸಾಲಿನಲ್ಲಿ. ನನ್ನ ತಲೆಗೂ ಎಪ್ಪತ್ತೆರಡು.

ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಶಿರಾಕ್ಕೆ ಫೋನ್ ಮಾಡಿದೆ.

“ತಬಸ್ಸುಮ್, ನಾನು ನಿನಗೆ ಸುಳ್ಳು ಹೇಳಿದೆ. ಅದೇ ಮಾಡ್ಯೂಲ್ ಅಲ್ಲ. ಬೇರೆ. ಅದಕ್ಕೆ ನಮ್ಮನೆಯವರ ಹೆಸರಿದೆ.”

 “ಯಾ ಅಲ್ಲಾ, ಮ್ಯಾಮ್! ಅದು ಇಂಟರ್ನೆಟ್ಟಲ್ಲಿ ಎಲ್ಲಿ ಸಿಗಬೇಕು? ಅದು ಸರ್ ತಾವೇ ಕೈಯಾರೆ ಬರ್ಕೊಂಡಿರೋದು. ಸ್ಕ್ರಿಪ್ಟ್ ತನ್ನ ಪಕ್ಕದಲ್ಲೋ, ಸರ್ ತೋರಿಸಿಟ್ಟ ಜಾಗದಲ್ಲೋ ಇದ್ರೆ ಮಾತ್ರ ನೋಡುತ್ತೆ. ಹಳೇ ಡಿಸ್ಕಲ್ಲಿ ಬೇರೆ ಯಾವುದೋ ಫೋಲ್ಡರಲ್ಲಿ ಉಳ್ಕೊಂಡಿದೆ. ಇರಿ, ಹುಡುಕ್ತೀನಿ. ನರಸಿಂಹಮೂರ್ತಿ ಅಲ್ವಾ?”

ಕೀಲಿಗಳ ಸದ್ದು ಕೇಳಿಸಿತು. “ಇಲ್ಲ ಮ್ಯಾಮ್. ಮೂರ್ತಿ ಅಂತಾನೂ ಇಲ್ಲ.”

“ಆ ಹೆಸರಲ್ಲ.”

“ಮತ್ತೆ?”

ಮೆಸೇಜ್ ಮಾಡುತ್ತೇನೆ ಎಂದೆ. ಟೈಪ್ ಮಾಡಿ ಕಳಿಸಿದೆ; ಹೋಗಲಿಲ್ಲ. ಬೆಟ್ಟದ ಬುಡದ ನಮ್ಮ ಬೀದಿಯಲ್ಲಿ ನೆಟ್‌ವರ್ಕ್ ಎನ್ನುವುದು ನೆಂಟರ ಹಾಗೆ, ಬರುವ ದಿನ ಬರುತ್ತದೆ. ಮತ್ತೆ ಫೋನ್ ಮಾಡಿ, ಹಳೆಯ ಉಪಾಯ ಹೂಡಿ, ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳತೊಡಗಿದೆ.

“ಎಮ್ಮಾ ಎನ್ನಾ ಮ್ಯಾಮ್? ಡೀನಾ ಬೀನಾ? ಏನೂ ಕೇಳಿಸ್ತಿಲ್ಲ. ಬಿಡಿ ಬಿಡಿ ಬೇಡ, ಒಟ್ಟಿಗೆ ಹೇಳಿ. ಸ್ಪೆಲಿಂಗ್ ನಾನು ನೋಡ್ಕೋತೀನಿ. ಹೊರಗೆ ಬಂದು ಜೋರಾಗಿ ಹೇಳಿ!”

ಹೊರಗೆ ಬಂದೆ. ಜಗಲಿ ಇಳಿದು ಬೀದಿಯ ಮಧ್ಯೆ ನಿಂತೆ. ಎದುರಿಗೆ ಬೆಟ್ಟ, ಬೆಳಗಿನ ಬಿಸಿಲಿಗೆ ಆಗಲೇ ಕಾಯುತ್ತ, ಒಂದು ಹುಲ್ಲುಕಡ್ಡಿಯೂ ಇಲ್ಲದ ಅದರ ಬೋಳು ಬೆನ್ನು. ಹಾಲಿನವರು, ಎದುರು ಮನೆಯವರು, ಹಿಂದೆಯೇ ಕೈ ಒರೆಸಿಕೊಳ್ಳುತ್ತ ಬಂದ ಗಂಗಮ್ಮ, ಎಲ್ಲ ನೋಡುತ್ತಿದ್ದರು.

“ಮೂಡ್ಲಯ್ಯ” ಎಂದೆ.

“ಹಾಂ?”

“ಮೂಡ್ಲಯ್ಯ! ಮೂಡ್ಲಯ್ಯ ಅಂತ! ಮೂಡ್ಲಯ್ಯ!”

ನಾಲ್ಕು ಸಲ, ನಾಲ್ಕು ದಿನ. ಸವೆಯುವುದಿದ್ದರೆ ಸವೆಯಲಿ. ಸವೆಯಲು ಏನೂ ಉಳಿದಿರಲಿಲ್ಲ, ಅದೇ ಸಂಕಟ. ಮೂಡಣ ದಿಕ್ಕಿನ ಗಿರಿಯ ದೇವರಿಗೆ ಹರಕೆ ಹೊತ್ತು ಹೆತ್ತ ಒಬ್ಬನೇ ಮಗನಿಗೆ ತಾಯಿ ಇಟ್ಟ ಹೆಸರು. ಇದು ಆಫೀಸಿಗೆ ಹೊಂದುವುದಿಲ್ಲ ಎಂದು ಸ್ಕೂಲಿನ ಮೇಷ್ಟ್ರು ತೆಗೆದುಹಾಕಿದ ಹೆಸರು. ಅಷ್ಟು ಜೋರಾಗಿ ಕೂಗಿದರೂ ಬೆಟ್ಟ ಅದನ್ನು ವಾಪಸ್ಸು ಕೊಡಲಿಲ್ಲ. ಕೊಟ್ಟೀತು ಎಂದು ನಾನು ಸ್ವಲ್ಪ ಹೊತ್ತು ನಿಂತಿದ್ದೆ.

“ಸಿಕ್ತು ಮ್ಯಾಮ್” ಎಂದಳು ತಬಸ್ಸುಮ್. ಅವಳ ದನಿ ಸಣ್ಣದಾಗಿತ್ತು. “ಇದೆ. ಇಲ್ಲೇ ಇದೆ.”

ಮಧ್ಯಾಹ್ನದ ಹೊತ್ತಿಗೆ ಫೈಲು ಬಂತು. ಅದನ್ನು ಸ್ಕ್ರಿಪ್ಟಿನ ಪಕ್ಕದಲ್ಲಿಡುವ ಮುಂಚೆ ತೆರೆದು ಓದಿದೆ. ಒಂದು ವಿಷಯ ಒಪ್ಪಿಕೊಳ್ಳುತ್ತೇನೆ, ನನಗೆಂದು ಏನಾದರೂ ಬರೆದಿಟ್ಟಿರಬಹುದು ಎಂಬ ಆಸೆ ಇತ್ತು. ಇಂಗ್ಲಿಷ್ ಪುಸ್ತಕಗಳನ್ನು ಹೆಚ್ಚು ಓದಿದವರಿಗೆ ಬರುವ ಕಾಯಿಲೆ ಇದು, ಸತ್ತವರು ಎಲ್ಲೋ ಒಂದು ಚೀಟಿ ಇಟ್ಟೇ ಇರುತ್ತಾರೆ ಎಂಬ ನಂಬಿಕೆ. ಕೊನೆಯ ಸಾಲಿನವರೆಗೆ ಓದಿದೆ. ಇರಲಿಲ್ಲ. ಬರೀ ಒತ್ತಕ್ಷರಗಳು. ತ ಒತ್ತನ್ನು ಎಷ್ಟು ಕೆಳಗಿಡಬೇಕು, ರ ಒತ್ತನ್ನು ಎಷ್ಟು ಹಿಗ್ಗಿಸಬೇಕು, ಸಾಲುಗಳ ನಡುವೆ ಎಷ್ಟು ಬಿಡಬೇಕು. ಬೇರೆ ಯಾರೂ ಮಾಡಿಕೊಡದ ಕೆಲಸ ಅದು, ಕೈಯಾರೆ ಮಾಡಿಕೊಂಡದ್ದು. ಅದಕ್ಕೇ ಇರಬೇಕು, ಲೋಟಕ್ಕೆ ತಾಯಿ ಕೊರೆಸಿದ ಹಾಗೆ, ಅದರ ಮೇಲೆ ಆ ಹೆಸರು ಹಾಕಿಕೊಂಡಿದ್ದರು. ನರಸಿಂಹಮೂರ್ತಿಯಾಗಿ ಊರಿಗೆಲ್ಲ ಕಂಡ ಮನುಷ್ಯ, ಯಾರೂ ನೋಡದ ಕಡೆ ಮೂಡ್ಲಯ್ಯನಾಗಿಯೇ ಉಳಿದಿದ್ದರು. ನಾನೂ ನೋಡಿರಲಿಲ್ಲ.

ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಬುಸ್ಸೆನ್ನಲಿಲ್ಲ. ಕಪ್ಪು ಕಿಟಕಿ ಸುಮ್ಮನಿತ್ತು. ಗಾಬರಿಯಾಗಿ ಮತ್ತೆ ಫೋನ್ ಮಾಡಿದೆ. “ಏನೂ ಹೇಳ್ತಾನೇ ಇಲ್ಲ ತಬಸ್ಸುಮ್.”

“ಏನೂ ಹೇಳ್ಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಮ್ಯಾಮ್” ಎಂದಳು.

ಫೋಲ್ಡರಿನಲ್ಲಿ ಪುಟಗಳು ಬಂದು ಕೂತಿದ್ದವು. ದೊಡ್ಡ ದೊಡ್ಡ ಅಕ್ಷರಗಳು, ಅವುಗಳ ಕೆಳಗೆ ಅಷ್ಟೇ ದೊಡ್ಡ ಒತ್ತುಗಳು, ಯಾರೂ ಯಾರಿಗೂ ತಾಗದಂತೆ.

ಇಲ್ಲಿಗೆ ನಿಲ್ಲಿಸಿದರೆ ಚೆಂದವಾಗಿರುತ್ತಿತ್ತು. ಆದರೆ ನನ್ನ ಎರಡು ದಿನದ ವಿಷಯ ಹೇಳದಿದ್ದರೆ ಅದು ಎರಡನೆಯ ಸುಳ್ಳಾಗುತ್ತದೆ. ನಾಲ್ಕು ಪಾಠ ಸರಿಯಾಗಿ ಬಂದವು. ಐದನೆಯದು, ಕಾರ್ಬನ್‌ನ ಪಾಠ, ಅರ್ಧಕ್ಕೆ ನಿಂತಿತು. ಇವರು ಅಷ್ಟೇ ಟೈಪ್ ಮಾಡಿದ್ದರು. ಓಡಿಸಿದ ಮೇಲೆಯೇ ಅದು ತಿಳಿದದ್ದು. ನಾಲ್ಕನ್ನು ಅವತ್ತೇ ಪ್ರಿಂಟ್ ಹಾಕಿಸಿ ಹೊಲಿದು ಬಸ್ಸಿಗೆ ಕೊಟ್ಟು, ಐದನೆಯದನ್ನು ಟೈಪ್ ಮಾಡಲು ಕೂತೆ. ಕನ್ನಡ ಟೈಪಿಂಗಿನಲ್ಲಿ ನಾನು ಒಂದನೆಯ ಕ್ಲಾಸು. ಒಂದೊಂದು ಅಕ್ಷರಕ್ಕೂ ಕನ್ನಡಕ ಮೇಲೆ ಕೆಳಗೆ. ಮುಗಿಸಿದಾಗ ಸೈನ್ಸ್ ಪರೀಕ್ಷೆಯ ಬೆಳಗ್ಗೆ. ಬಲಸಮುದ್ರದ ಬಸ್ಸು ಹೊರಡುವ ಹೊತ್ತಿಗೆ ನಾಗವೇಣಿ ಪರೀಕ್ಷೆಯ ಹಾಲ್‌ನೊಳಗೆ ಕೂತಾಗಿತ್ತು.

ಪರೀಕ್ಷೆ ಮುಗಿಸಿಕೊಂಡು ಬಂದು ಅವಳು ಫೋನ್ ಮಾಡಿದಳು. “ಚೆನ್ನಾಗ್ ಬರ್ದಿದೀನಿ ಅಜ್ಜೀ.” ಆಮೇಲೆ, “ಕಾರ್ಬನ್‌ದು ಒಂದು ದೊಡ್ಡ ಪ್ರಶ್ನೆ ಬಂದಿತ್ತು. ಅದೊಂದು ಬಿಟ್ಟೆ. ಪರವಾಗಿಲ್ಲ ಅಜ್ಜೀ” ಎಂದಳು.

ಪರವಾಗಿಲ್ಲ ಎಂದು ಅವಳು ಹೇಳಬಹುದು. ನಾನು ಹೇಳುವಂತಿಲ್ಲ. ಅವಳು ಪಾಸಾದಳು, ಕಾಲೇಜಿಗೂ ಸೇರಿದಳು, ಈಗ ಪಿಯುಸಿ ಪುಸ್ತಕಗಳನ್ನು ನಾನೇ ಟೈಪ್ ಮಾಡುತ್ತಿದ್ದೇನೆ. ಆದರೂ ಅವಳ ಉತ್ತರ ಪತ್ರಿಕೆಯಲ್ಲಿ ಖಾಲಿ ಬಿಟ್ಟ ಆ ಒಂದು ಜಾಗ ನನ್ನದು, ಅಲ್ಲಿ ನನ್ನ ಸಹಿ ಇದೆ. ಒಂದು ಹೆಸರನ್ನು ಜೋಪಾನ ಮಾಡಲು ಹೋಗಿ ಮಾಡಿದ ನಷ್ಟ. ಎಷ್ಟೊಂದು ಜೋಪಾನ ಮಾಡಿದ್ದೆನೆಂದರೆ, ಸ್ವತಃ ಆ ಹೆಸರಿನವರಿಗೂ ಅದು ನನ್ನ ಬಾಯಿಂದ ಒಂದು ಸಲವೂ ಸಿಗಲಿಲ್ಲ. ಅವರಿಗೆ ಬೇಕಿತ್ತೋ ಏನೋ. ಕೇಳಿದವರಲ್ಲ. ಮೇಷ್ಟ್ರುಗಳು ಪ್ರಶ್ನೆ ಕೇಳುವುದು ಉತ್ತರ ಗೊತ್ತಿದ್ದಾಗ ಮಾತ್ರ.

ಅವತ್ತು ಆ ಫೋನ್ ಇಟ್ಟ ಮೇಲೆ ಕಾಫಿ ಮಾಡಿದೆ. ಅಭ್ಯಾಸಬಲದಿಂದ ನುಣ್ಣಗಾದ ಆ ಲೋಟಕ್ಕೂ ಬಗ್ಗಿಸಿದೆ. ಬಗ್ಗಿಸಿದ ಮೇಲೆ ಏನು ಮಾಡುವುದು? ಅಡುಗೆ ಮನೆಯ ಬಾಗಿಲಲ್ಲಿ ನಿಂತು, ರೀ ಎನ್ನದೆ, ನೋಡಿ ಎನ್ನದೆ, ಹಾಲ್ ಕಡೆಗೆ ತಿರುಗಿ ಹೆಸರು ಹಿಡಿದು ಕರೆದೆ. ಒಂದೇ ಸಲ, ಒಟ್ಟಿಗೆ, ಗಂಗಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ.

ಕುರ್ಚಿ ಅಲ್ಲೇ ಇತ್ತು. ಕನ್ನಡಕ ಅಲ್ಲೇ ಇತ್ತು. ಮನೆ ಏನೂ ಹೇಳಲಿಲ್ಲ.

ತಬಸ್ಸುಮ್ ಹೇಳಿದ ಪ್ರಕಾರ, ಏನೂ ಹೇಳದಿದ್ದರೆ ಎಲ್ಲಾ ಸರಿ ಇದೆ ಎಂದೇ ಅರ್ಥ.